ನಮ್ಮ ಮನೆಯಲ್ಲಿ ಗುಂಡು ತೂಗುವುದಿಲ್ಲ

ಫೆಬ್ರವರಿ ೬, ೧೯೯೪. ಭಾನುವಾರ

ಬನ್ನಿ, ಬನ್ನಿ. ಮುಂದಿನ ಸಾಲಿನ ಮಾನ್ಯರೇ, ಹಿಂದೆ ಕಂಬಕ್ಕೆ ಒರಗಿ ನಿಂತ ಪುಣ್ಯವಂತರೇ, ಟಿಕೆಟ್ಟಿಲ್ಲದೆ ಡೇರೆಯ ಬಟ್ಟೆ ಎತ್ತಿ ನುಸುಳಿ ಬಂದ ಕಳ್ಳರೇ, ಎಲ್ಲರೂ ಕೂತುಕೊಳ್ಳಿ. ಕಡಲೆಕಾಯಿ ಸಿಪ್ಪೆ ನೆಲಕ್ಕೆ ಹಾಕಬೇಡಿ. ಪರದೆ ಏಳುತ್ತಿದೆ. ನಿಮ್ಮ ಮುಂದೆ ನಿಂತಿರುವವನು ಎಲ್ಡನ್ ಸ್ಟ್ರಪ್. ಸ್ಟ್ರಪ್ ಡೇರೆ ನಾಟಕ ಮಂಡಳಿಯ ಯಜಮಾನ ಹೋರೆಸ್ ಸ್ಟ್ರಪ್‌ನ ಹಿರಿಯ ಮಗ, ಮಂಡಳಿಯ ಖಾಯಂ ಖಳನಾಯಕ. ಡೇರೆ ಹರಿದು, ಮಂಡಳಿ ಮುಳುಗಿ, ಅಪ್ಪ ಈ ವಯೋಮಿಂಗ್‌ನ ಸೇಜ್ ಫೋರ್ಕ್ ಊರಿನಲ್ಲಿ ಗೂಟ ಹೊಡೆದ ಮೇಲೆ ದನದ ಸಂತೆಯಲ್ಲಿ ಹರಾಜು ಕೂಗಿ ಬಾಳಿದವನು. ಮೈಕಿಲ್ಲದೆ.

ಪ್ರೇಕ್ಷಕರು ಯಾರೂ ಇಲ್ಲವೆಂಬುದು ನನಗೆ ಗೊತ್ತು. ನನಗೆ ನಾನೇ ಬರೆದುಕೊಳ್ಳುವ ಪುಸ್ತಕ ಇದು. ಆದರೆ ಖಾಲಿ ಡೇರೆಯೆದುರೂ ತುಂಬು ದನಿಯಲ್ಲೇ ಆಡಬೇಕೆಂದು ಅಪ್ಪ ಕಲಿಸಿದ್ದ.

ಅಂಕ ಒಂದು. ನಿನ್ನೆ ರೈಫಲ್ ಕ್ಲಬ್ಬಿನ ಚಳಿಗಾಲದ ಊಟ. ಹೋದ ಆಗಸ್ಟಿನಲ್ಲಿ ಗೆದ್ದವನಿಗೆ ಬಹುಮಾನ. ಗೆದ್ದವನು ಯಾರು? ನನ್ನ ತಮ್ಮ ಲೈಲ್. ಅದರ ಹಿಂದಿನ ವರ್ಷ? ಅವನೇ. ಎದ್ದು ನಿಂತ. ಶಾಲೆಯ ಬಸ್ಸು ಓಡಿಸುವವನು, ನಾಲ್ಕು ಮಾತು ಜೋಡಿಸಿ ಆಡಲು ಬಾರದವನು, ನಿನ್ನೆ ಆಡಿದ. ದೇವರಿಗೆ ವಂದನೆ. ಹೆಂಡತಿ ವರ್ನಾಗೆ ವಂದನೆ. ಅಪ್ಪನಿಗೆ, ಅಪ್ಪನ ಬಂದೂಕಿಗೆ, ಗುರಿಯ ಬಯಲಿನ ಹುಲ್ಲು ಕತ್ತರಿಸುವ ಬರ್ಡೆಟ್‌ಗೆ, ಅಡುಗೆಯವರಿಗೆ, ಹವೆಗೆ. ಕೂತ.

ಆ ಬಂದೂಕಿನಿಂದ ಹಾರಿದ ಒಂದೊಂದು ಗುಂಡನ್ನೂ ಸೀಸ ಕರಗಿಸಿ ಎರೆದವನು ಆಲೂಗಡ್ಡೆಯ ತಟ್ಟೆಯ ಹಿಂದೆ ಕೂತಿದ್ದ. ಅವನ ಹೆಸರು ಬರಲಿಲ್ಲ.

ಸಾಯುವ ಮುಂಚೆ ಅಪ್ಪ ನಮ್ಮಿಬ್ಬರನ್ನೂ ಕರೆದು ಪಾಲು ಮಾಡಿದ. ಅವನ ಹಳೆಯ ಒಂಟಿ ಗುಂಡಿನ ಬಂದೂಕು ಲೈಲ್‌ಗೆ. ಆ ಬಂದೂಕಿನ ನಳಿಗೆಯ ಅಳತೆಗೆಂದೇ ಕೊರೆಸಿದ ಗುಂಡಿನ ಅಚ್ಚು ನನಗೆ. “ಕಣ್ಣು ಅವನದು, ಕೈ ನಿನ್ನದು. ಒಬ್ಬರ ಮನೆಗೆ ಒಬ್ಬರು ಹೋಗದೆ ಇರಬಾರದು” ಎಂದ. ಬೇರೆ ಅಚ್ಚಿನ ಗುಂಡು ಆ ಬಂದೂಕಿಗೆ ಒಗ್ಗುವುದಿಲ್ಲ. ಆ ಬಂದೂಕಿಲ್ಲದೆ ನನ್ನ ಅಚ್ಚು ಕಾಗದದ ಮೇಲಿಡುವ ಭಾರದ ತುಂಡು. ಹಿರಿಯ ಮಗನಿಗೆ ಬಂದದ್ದು ಅದು. ಸ್ಪರ್ಧಿಯ ಗುಂಡನ್ನು ಸ್ಪರ್ಧಿಯ ಮನೆತನದವರೇ ಎರೆದಿರಬೇಕು ಎನ್ನುವುದು ಕ್ಲಬ್ಬಿನ ನಿಯಮ. ಹಾಗಾಗಿ ನಾನು ಎರೆಯುತ್ತೇನೆ, ಅವನು ಹೊಡೆಯುತ್ತಾನೆ, ಜನ ಅವನಿಗೆ ಚಪ್ಪಾಳೆ ತಟ್ಟುತ್ತಾರೆ.

ಈ ಆಗಸ್ಟಿನಲ್ಲೂ ಗೆದ್ದರೆ ಸತತ ಮೂರು. ಕ್ಲಬ್ಬಿನ ಮನೆಯ ಓಕ್ ಹಲಗೆಯ ಮೇಲೆ, ಅಪ್ಪನ ಹೆಸರಿನ ಕೆಳಗೆ, ಅವನ ಹೆಸರು ಕೆತ್ತುತ್ತಾರೆ. ಬಾಲ್ಯದಿಂದ ಅವನಿಗೆ ಬೇಕಾಗಿದ್ದು ಅದೊಂದೇ.

ನನಗೆ ಹೊಟ್ಟೆಕಿಚ್ಚಿಲ್ಲ, ಸಭಿಕರೇ. ಬರೆದಿಟ್ಟುಕೊಳ್ಳಿ.


ಫೆಬ್ರವರಿ ೯

ಆರ್ಡಿಸ್‌ಗೆ ಭಾಷಣದ ವಿಷಯ ಮತ್ತೆ ಹೇಳಿದೆ. ನನ್ನ ಹೆಂಡತಿ ಬಟ್ಟೆ ಮಡಿಸುತ್ತ ಕೇಳಿದಳು. “ಅವನು ನಿನ್ನ ಹೆಸ್ರು ಹೇಳ್ಲಿಲ್ಲ, ಸರಿ. ನೀನು ಆ ಹೆಸ್ರನ್ನ ನಾಲ್ಕು ದಿನದಿಂದ ಮನೆತುಂಬ ಹೇಳ್ತಿದ್ದೀಯಲ್ಲ, ಸಾಲ್ದಾ?”

ಮಂಡಳಿಯಲ್ಲಿ ಇವಳು ಟಿಕೆಟ್ ಹರಿಯುತ್ತಿದ್ದಳು. ಇಂದಿಗೂ ಹರಿಯುತ್ತಾಳೆ.


ಮಾರ್ಚ್ ೧೨. ಶನಿವಾರ

ಅಂಕ ಎರಡು, ಮಹಾಜನಗಳೇ. ರಂಗಸಜ್ಜು: ನನ್ನ ಹಿತ್ತಲ ಶೆಡ್ಡು. ಬಾಗಿಲು ತೆರೆದಿದೆ, ಹೊರಗೆ ಹಿಮ. ಅನಿಲದ ಒಲೆಯ ಮೇಲೆ ಎರಕದ ಕಬ್ಬಿಣದ ಮಡಕೆ, ಅದರಲ್ಲಿ ಕನ್ನಡಿಯಂತೆ ಕರಗಿದ ಸೀಸ, ಇಪ್ಪತ್ತಕ್ಕೆ ಒಂದು ಪಾಲು ತವರ. ಚೂರು ಜೇನುಮೇಣ ಹಾಕಿದೆ. ಹೊಗೆ ಎದ್ದು, ಕಲಕಿದಾಗ ಕಿಟ್ಟವೆಲ್ಲ ಬೂದಿಯ ಕೆನೆಯಾಗಿ ಮೇಲೆ ಬಂತು. ಬಳಿದು ತೆಗೆದೆ. ಅಚ್ಚು ಬಿಸಿಯಾಗುವವರೆಗೆ ಬೀಳುವ ಗುಂಡುಗಳಿಗೆ ಮುದುಕಿಯ ಮುಖದ ಸುಕ್ಕು. ಅವು ಮರಳಿ ಮಡಕೆಗೆ. ಅಚ್ಚಿಗೆ ಹದ ಬಂತೆಂದರೆ ಸೌಟಿನಿಂದ ಸುರಿ, ಸೀಸ ಗಟ್ಟಿಯಾಗುವವರೆಗೆ ಎಣಿಸು, ಮರದ ಕೋಲಿನಿಂದ ಮೇಲಿನ ತಗಡಿಗೆ ತಟ್ಟು, ಬಿಡಿಸು. ಹಳೆಯ ಟವೆಲ್ಲಿನ ಮೇಲೆ ಬೆಳ್ಳಿಯ ಹೆಬ್ಬೆರಳು ಬಿದ್ದಂತೆ ಬೀಳುತ್ತದೆ. ಈ ಕೆಲಸ ಮಾಡುವಾಗ ಮಾತ್ರ ನಾನು ಮೆಲ್ಲಗೆ ಮಾತಾಡುತ್ತೇನಂತೆ. ಆರ್ಡಿಸ್ ಹೇಳುವುದು.

ಲೈಲ್ ಬಂದ. ಬಕೆಟ್ಟು ಬೋರಲು ಹಾಕಿ ಕೂತ.

“ಅಣ್ಣ, ಕಾಫಿ ಇದ್ಯಾ?”

“ಹವೆಗೆ ವಂದನೆ ಹೇಳಿದೆಯಲ್ಲ, ಅದನ್ನೇ ಕೇಳು.”

ಅವನಿಗೆ ಅರ್ಥವಾಗಲಿಲ್ಲ. ಅಥವಾ ಅರ್ಥವಾಗದವನ ಹಾಗೆ ನಟಿಸಿದ. ನಟನೆಯಲ್ಲಿ ಅವನು ಎಂದೂ ಮರದ ಕೊರಡು, ಹಾಗಾಗಿ ನಿಜವಾಗಿಯೂ ಆಗಿರಲಿಕ್ಕಿಲ್ಲ. ಬಸ್ಸಿನ ಮಕ್ಕಳ ಕತೆ ಹೇಳಿದ. ಹಿಂದಿನ ಸೀಟಿನಲ್ಲಿ ಯಾರೋ ಕೋಳಿ ತಂದಿದ್ದರಂತೆ. ನಾನು ನಗಲಿಲ್ಲ. ಆಮೇಲೆ ದನಿ ಇಳಿಸಿದ.

“ಯಾರಿಗೂ ಹೇಳ್ಬೇಡ. ಬಲಗಣ್ಣು ಸ್ವಲ್ಪ ಮಂಜು ಮಂಜು. ಬೆಳಿಗ್ಗೆ ಹೊತ್ತು. ವರ್ನಾಗೂ ಹೇಳಿಲ್ಲ.”

“ಡಾಕ್ಟರಿಗೆ ತೋರ್ಸು.”

“ಆಗಸ್ಟ್ ಆಗ್ಲಿ. ಟಗರು ಕಾಣೋಷ್ಟು ಕಾಣುತ್ತೆ. ಇದೊಂದ್ಸಲ ಹೊಡೆದ್ಬಿಟ್ರೆ ಸಾಕು ಅಣ್ಣ, ಆಮೇಲೆ ಕಣ್ಣು ಹೋದ್ರೂ ಹೋಗ್ಲಿ.”

ಟಗರೆಂದರೆ ಗುಡ್ಡದ ಏಣಿನ ಮೇಲೆ ನಿಲ್ಲಿಸುವ ಕಬ್ಬಿಣದ ಟಗರು. ಎಲ್ಲಕ್ಕಿಂತ ದೂರದ ಗುರಿ. ತಗುಲಿದರೆ ಸದ್ದು ನಮ್ಮ ತನಕ ಬರಲು ಒಂದು ಉಸಿರು ಹಿಡಿಯುತ್ತದೆ.

ಅವನು ಹೋದ ಮೇಲೆ ತೂಕಕ್ಕೆ ಕೂತೆ. ಗುಂಡು ಹೊರಗೆ ಎಷ್ಟೇ ಚೆಂದವಿರಲಿ, ಒಳಗೆ ಗಾಳಿಗುಳ್ಳೆ ಸಿಕ್ಕಿದ್ದರೆ ಕೂದಲೆಳೆಯಷ್ಟು ಹಗುರ. ಅಂಥದ್ದು ಹಾರುವಾಗ ಕುಡುಕನಂತೆ ತೂರಾಡುತ್ತದೆ, ಎಲ್ಲಿ ಬೀಳುತ್ತದೋ ದೇವರಿಗೂ ಗೊತ್ತಿಲ್ಲ. ಅವನ್ನು ಆರಿಸಿ ಮಡಕೆಗೆ ಹಾಕುವುದು ಎರೆಯುವವನ ಕರ್ತವ್ಯ. ಹೊಡೆಯುವವನು ತೂಗುವುದಿಲ್ಲ. ಅದು ಅಪ್ಪನ ಕಾಲದ ಕಟ್ಟಳೆ: ನಮ್ಮ ಮನೆಯಲ್ಲಿ ಎರೆದವನ ಗುಂಡನ್ನು ಹೊಡೆಯುವವನು ತೂಗಿದರೆ ಮುಖಕ್ಕೆ ಉಗಿದ ಹಾಗೆ.

ಈ ಸಲದ ಹಗುರ ಗುಂಡುಗಳನ್ನು ಮಡಕೆಗೆ ಹಾಕಲಿಲ್ಲ. ಒಂದು ಕಾಫಿ ಡಬ್ಬಿಗೆ ಹಾಕಿ ಮೇಲಿನ ಹಲಗೆಯಲ್ಲಿಟ್ಟೆ. ಸುಮ್ಮನೆ. ಏಕೆಂದು ಕೇಳಬೇಡಿ, ಮಾನ್ಯರೇ. ಖಳನಾಯಕನ ಜೇಬಿನಲ್ಲಿ ವಿಷದ ಸೀಸೆಯೊಂದು ಇರಲೇಬೇಕು. ಅದರಲ್ಲಿರುವುದು ಬರೀ ಸಕ್ಕರೆ ನೀರು.


ಏಪ್ರಿಲ್ ೩. ಈಸ್ಟರ್

ಊಟಕ್ಕೆ ಲೈಲ್, ವರ್ನಾ ಬಂದಿದ್ದರು. ಹಂದಿಯ ತೊಡೆ, ಸಿಹಿಗೆಣಸು. ಹೋದ ವರ್ಷ ಉಳಿದ ಗುಂಡುಗಳಲ್ಲಿ ಅಭ್ಯಾಸ ಮಾಡಿದನಂತೆ. ಟಗರು ಒಂದೂ ತಪ್ಪಲಿಲ್ಲವಂತೆ. “ಬಂದೂಕು ತಾನೇ ಹೊಡೆಯುತ್ತೆ, ನಾನು ಹಿಂದೆ ಮಲಗಿರ್ತೀನಿ ಅಷ್ಟೆ” ಎಂದ. ಎಲ್ಲರೂ ನಕ್ಕರು.

ಬಂದೂಕು ತಾನೇ ಹೊಡೆಯುತ್ತದಂತೆ. ಕೇಳಿದಿರಾ?

ಹಗುರ ಗುಂಡುಗಳು ಇನ್ನಷ್ಟು ಬೇಕಾದಾವು. ಒಂದು ಪಂದ್ಯಕ್ಕಾಗುವಷ್ಟು ಇಲ್ಲ.


ಜೂನ್ ೧೮

ಇಂದು ಕ್ಲಬ್ಬಿನ ಮನೆಯ ಸೂರು ರಿಪೇರಿಗೆ ಹೋಗಿದ್ದೆ. ಬರ್ಡೆಟ್ ಏಣಿ ಹತ್ತಿ ಓಕ್ ಹಲಗೆಗೆ ಟೇಪು ಹಿಡಿದಿದ್ದ. ಕ್ಲಬ್ಬಿನ ತೀರ್ಪುಗಾರ ಅವನೇ, ಬಡಗಿಯೂ ಅವನೇ.

“ಇನ್ನೂ ಆಗಸ್ಟ್ ಬಂದಿಲ್ವಲ್ಲೋ ಬರ್ಡೆಟ್.”

“ಜಾಗ ಇದ್ಯಾ ಅಂತ ನೋಡ್ತಿದ್ದೆ ಅಷ್ಟೆ. ನಿಮ್ಮಪ್ಪನ ಕೆಳಗೆ ಒಂದೇ ಹೆಸರಿಗೆ ಜಾಗ ಇರೋದು. ಆಮೇಲೆ ಹೊಸ ಹಲಗೇನೇ.”

“ಎರೆದವನ ಹೆಸರು ಹಾಕೋ ಪದ್ಧತಿ ಇಲ್ವಾ?”

ಅವನು ತಮಾಷೆಯೆಂದುಕೊಂಡ. “ಹಾಗಾದ್ರೆ ಸಿಡಿಮದ್ದು ಮಾಡ್ದವನ್ದು, ಕನ್ನಡಕ ಮಾಡ್ದವನ್ದು, ಬೆಳಿಗ್ಗೆ ಮೊಟ್ಟೆ ಹುರಿದುಕೊಟ್ಟ ವರ್ನಾದು. ಹಲಗೆ ಸಾಲ್ದು, ಬಾಗ್ಲು ಬೇಕಾಗುತ್ತೆ.”

ನಾನೂ ನಕ್ಕೆ. ಡೇರೆಯ ಕೊನೆಯ ಸಾಲಿಗೂ ಕೇಳುವ ನಗೆ, ಖಳನಾಯಕನದು. ಸೂರಿನ ಮೇಲಿನ ಪಾರಿವಾಳಗಳು ಎದ್ದು ಹೋದವು.

ಮನೆಗೆ ಬಂದು ಒಲೆ ಹಚ್ಚಿದೆ. ಅಚ್ಚು ಸರಿಯಾಗಿ ಕಾಯುವ ಮೊದಲೇ ಸುರಿದರೆ, ಸೌಟನ್ನು ಅಚ್ಚಿನ ಬಾಯಿಗೆ ಒತ್ತದೆ ಮೇಲಿಂದ ಹೊಯ್ದರೆ, ಗಾಳಿಗುಳ್ಳೆ ಸುಲಭವಾಗಿ ಸಿಗುತ್ತದೆ. ಜೀವಮಾನವಿಡೀ ಅದನ್ನು ತಪ್ಪಿಸುವುದನ್ನು ಕಲಿತ ಕೈಗೆ ಬೇಕೆಂದೇ ಮಾಡುವುದು ಕಷ್ಟವಾಯಿತು. ಕೈ ತಾನಾಗಿಯೇ ಸರಿ ಮಾಡಿಬಿಡುತ್ತದೆ. ಅದನ್ನು ಬೈದೆ.

ಆರ್ಡಿಸ್ ಬಾಗಿಲಲ್ಲಿ ನಿಂತು, “ಇಷ್ಟು ಸೆಕೇಲಿ ಯಾಕೆ ಎರೀತಿದ್ದೀಯ? ಮಾರ್ಚಲ್ಲೇ ಆಯ್ತಲ್ಲ?” ಎಂದಳು.

“ಸಾಲ್ದು.”

“ಯಾವ್ದು ಸಾಲ್ದು?”

ಸೌಟನ್ನು ಮತ್ತೆ ಮಡಕೆಗೆ ಅದ್ದಿದೆ. ಅವಳು ಸ್ವಲ್ಪ ಹೊತ್ತು ನಿಂತು ಹೋದಳು.


ಜುಲೈ ೩೦. ಶನಿವಾರ

ಲೈಲ್ ಗುಂಡು ಒಯ್ದ.

ಎಲ್ಲಕ್ಕೂ ಜೇನುಮೇಣ, ಕೊಬ್ಬು ಹಚ್ಚಿ, ಮೊಟ್ಟೆಯ ಟ್ರೇಯಲ್ಲಿ ಸಾಲಾಗಿ ನಿಲ್ಲಿಸಿ, ಮೇಲೆ ಬಿಳಿ ಬಟ್ಟೆ ಮುಚ್ಚಿದ್ದೆ. ಮದುಮಗಳ ಹಾಗಿದ್ದವು. ಒಳ್ಳೆಯ ಗುಂಡುಗಳ ಟ್ರೇ ಬೆಂಚಿನ ಕೆಳಗಿತ್ತು. ಮೇಲಿದ್ದದ್ದು ಇನ್ನೊಂದು, ಹಗುರ ಗುಂಡುಗಳದು.

ಅವನು ಬಟ್ಟೆ ಎತ್ತಿ ನೋಡಿದ. ಒಂದನ್ನು ತೆಗೆದು ಬೆಳಕಿಗೆ ಹಿಡಿದು ತಿರುಗಿಸಿದ. “ಪ್ರತಿ ವರ್ಷ ಇನ್ನೂ ಚೆಂದ ಮಾಡ್ತೀಯ.” ನನ್ನ ತಕ್ಕಡಿ ಅಲ್ಲೇ, ಅವನ ಮೊಣಕೈಯ ಪಕ್ಕದಲ್ಲೇ ಇತ್ತು. ಅವನು ಅದರ ಕಡೆ ನೋಡಲೂ ಇಲ್ಲ.

ಹೊರಡುವಾಗ ಗಾಡಿಯ ಬಾಗಿಲಲ್ಲಿ ನಿಂತು, “ಅಣ್ಣ, ಒಂದ್ಮಾತು. ಈ ಸಲ ಗೆದ್ರೆ ನೀನೇ ಭಾಷಣ ಬರ್ದುಕೊಡು. ಹೋದ್ಸಲ ನಿಂತ ತಕ್ಷಣ ನಂಗೆ ತಲೆ ಖಾಲಿ ಆಗೋಯ್ತು. ಯಾರ್ಯಾರಿಗೋ ಥ್ಯಾಂಕ್ಸ್ ಹೇಳ್ದೆ. ಆಮೇಲೆ ವರ್ನಾ ಕಾರಲ್ಲಿ ಬೈದ್ಲು” ಎಂದ.

“ಏನಂತ?”

“ಎಲ್ರಿಗೂ ಹೇಳ್ದೆ, ಎಲ್ಡನ್‌ಗೆ ಹೇಳ್ಲಿಲ್ಲ ಅಂತ. ನಾನಂದೆ, ಅವ್ನು ನಮ್ಮನೆಯವ್ನಲ್ವಾ, ನಮ್ಮನೆಯವರಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರಾ ಅಂತ.”

ಗಾಡಿ ಚಾಲೂ ಮಾಡಿದ. “ತಡಿ” ಎಂದೆ. ನಿಲ್ಲಿಸಿದ. ಬೆಂಚಿನ ಕೆಳಗಿನ ಟ್ರೇ ಅಲ್ಲಿಂದ ಇಪ್ಪತ್ತು ಹೆಜ್ಜೆ ದೂರವೂ ಇರಲಿಲ್ಲ.

“ಏನು?”

“ಟೈರಲ್ಲಿ ಗಾಳಿ ಕಮ್ಮಿ ಇದೆ.”

ಹೋದ.

ಹೆಂಡತಿಗೆ ಥ್ಯಾಂಕ್ಸ್ ಹೇಳಿದ್ದನಲ್ಲ. ಅವಳು ಮನೆಯವಳಲ್ಲವೇ? ಇದನ್ನು ಅವನನ್ನು ಕೇಳಬೇಕಿತ್ತು. ಆಗ ಹೊಳೆಯಲಿಲ್ಲ.


ಆಗಸ್ಟ್ ೧೪. ಭಾನುವಾರ

ಅಂಕ ಮೂರು.

ಮೋಡವಿಲ್ಲ, ಗಾಳಿ ಇಲ್ಲ. ಊರೆಲ್ಲ ಸೇರಿತ್ತು. ಲೈಲ್ ಬೋರಲು ಮಲಗಿ ಬಂದೂಕನ್ನು ಕವೆಗೋಲಿನ ಮೇಲಿಟ್ಟ. ನಾನು ಯಾವತ್ತಿನಂತೆ ಅವನ ಪಕ್ಕದಲ್ಲೇ ಮಲಗಿದ್ದೆ, ದುರ್ಬೀನಿನ ಹಿಂದೆ. ಗುಂಡು ಎಲ್ಲಿ ಬಿತ್ತೆಂದು ನೋಡಿ ಹೇಳುವುದು ನನ್ನ ಕೆಲಸ.

ಮೊದಲನೆಯದು ಟಗರಿನ ಎಡಕ್ಕೆ ಮಣ್ಣೆಬ್ಬಿಸಿತು. “ಎಡಕ್ಕೆ, ಒಂದು ಮೊಳ” ಎಂದೆ. ಅದು ನಿಜ. ಅವನು ತಿದ್ದಿದ. ಎರಡನೆಯದು ಬಲಕ್ಕೆ. “ಬಲಕ್ಕೆ.” ಮೂರನೆಯದು ಕೆಳಗೆ ಕಲ್ಲಿಗೆ. ನಾನು ಒಂದು ಸುಳ್ಳನ್ನೂ ಹೇಳಲಿಲ್ಲ. ಬಿದ್ದ ಕಡೆಯನ್ನೇ ಹೇಳಿದೆ.

ಜನ ಮೊದಲು ಗುಸುಗುಸು ಎಂದರು. ಆಮೇಲೆ ಸುಮ್ಮನಾದರು. ಅಂಥ ಮೌನವನ್ನು ನಾನು ರಂಗದ ಮೇಲಿಂದ ಎಷ್ಟೋ ಸಲ ಕೇಳಿದ್ದೇನೆ. ನಟ ಮಾತು ಮರೆತಾಗ.

ಬರ್ಡೆಟ್ ಬಂದು ಮಂಡಿಯೂರಿ ಕೂತ. “ಲೈಲ್, ಹೀಗೆ ಮೂಲೆಮೂಲೆಗೆ ಹೋಗೋದು ಕಣ್ಣಿನ ತಪ್ಪಲ್ಲ. ಗುಂಡಿನ ತಪ್ಪು. ನನ್ನ ತಕ್ಕಡಿ ಇದೆ, ಉಳಿದದ್ರಲ್ಲಿ ಒಂದೆರಡು ತೂಗಿ ನೋಡೋಣ.”

ಲೈಲ್ ಬಂದೂಕಿನಿಂದ ಕೆನ್ನೆ ತೆಗೆಯಲಿಲ್ಲ. “ನಮ್ಮನೇಲಿ ಗುಂಡು ತೂಗಲ್ಲ.”

“ಪಂದ್ಯ ಹೋಗ್ತಿದೆ ಕಣೋ.”

“ಎರೆದವ್ನು ಇಲ್ಲೇ ಮಲಗಿದ್ದಾನೆ ಬರ್ಡೆಟ್. ಅವನ ಎದುರಿಗೆ ಅಂಥ ಮಾತಾಡ್ಬೇಡ.”

ಬರ್ಡೆಟ್ ನನ್ನ ಕಡೆ ನೋಡಿದ. ನಾನು ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ. ಟಗರು ಸ್ಪಷ್ಟವಾಗಿ ಕಾಣುತ್ತಿತ್ತು, ಅದರ ಮೇಲಿನ ಹಳೆಯ ಪೆಟ್ಟಿನ ಗುರುತುಗಳ ಸಮೇತ.

ಕೊನೆಗೆ ಒಂದೇ ಒಂದು ತಗುಲಿತು. ಬಾಲಕ್ಕೆ. ಗೆದ್ದವನು ಪಕ್ಕದ ಊರಿನವನು.

ನಾನಂದುಕೊಂಡಿದ್ದ ಚಪ್ಪಾಳೆ ಯಾವ ಕಡೆಯಿಂದಲೂ ಬರಲಿಲ್ಲ.


ಆಗಸ್ಟ್ ೧೬

ಎರಕ ಇಲ್ಲ. ಕಾಫಿ ಡಬ್ಬಿ ತೊಳೆದು ಮೊಳೆ ಹಾಕಿಟ್ಟೆ.

ಆರ್ಡಿಸ್ ಮಾತಾಡುತ್ತಿಲ್ಲ. ಕೋಪವೇ ಎಂದು ಕೇಳಿದರೆ “ಹಲ್ಲುನೋವು” ಎಂದಳು.


ಆಗಸ್ಟ್ ೨೧. ಭಾನುವಾರ

ಲೈಲ್ ಬಂದ. ವರ್ನಾ ಗಾಡಿ ಓಡಿಸಿಕೊಂಡು ಬಂದಿದ್ದಳು; ಅವನು ಪಕ್ಕದ ಸೀಟಿನಿಂದ ಇಳಿದ. ಕೈಯಲ್ಲಿ ಬಂದೂಕಿನ ಚೀಲ, ತೋಟಾ ತುಂಬುವ ಸಾಮಾನಿನ ಪೆಟ್ಟಿಗೆ. ಅಡುಗೆಮನೆಯ ಮೇಜಿನ ಮೇಲಿಟ್ಟ.

“ಇದು ನಿಂದು ಅಣ್ಣ. ಅಪ್ಪ ಕಣ್ಣು ನೋಡಿ ಕೊಟ್ಟಿದ್ದು. ಕಣ್ಣು ಹೋದ್ಮೇಲೆ ಇಟ್ಕೊಳ್ಳೋದು ಸರಿಯಲ್ಲ.”

ಹಿರಿಯ ಮಗನಾಗಿ ಈ ಕ್ಷಣವನ್ನು ಎಷ್ಟು ವರ್ಷದಿಂದ ಆಡಿ ನೋಡಿಕೊಂಡಿದ್ದೆ. ಎಲ್ಲಿ ನಿಲ್ಲಬೇಕು, ಯಾವ ಕೈ ಚಾಚಬೇಕು, ಎಲ್ಲ.

“ಒಂದು ಪಂದ್ಯ ಸೋತ ಮಾತ್ರಕ್ಕೆ…” ಎಂದೆ.

“ಪಂದ್ಯದ ಮಾತಲ್ಲ. ನೀನು ಪಕ್ಕದಲ್ಲೇ ಇದ್ದು ನೋಡಿದ್ಯಲ್ಲ, ಎಲ್ಲೆಲ್ಲಿಗೆ ಹೋಯ್ತು ಅಂತ. ನಂಗೆ ಟಗರು ಸರಿಯಾಗೇ ಕಾಣ್ತಿತ್ತು. ಕಾಣ್ತಿದೆ ಅಂತ ಕಣ್ಣೇ ಸುಳ್ಳು ಹೇಳ್ತಿದ್ರೆ ಇನ್ನು ಯಾವುದನ್ನ ನಂಬೋದು?”

ಆರ್ಡಿಸ್ ಸಿಂಕಿನ ಬಳಿ ಬೆನ್ನು ಹಾಕಿ ನಿಂತಿದ್ದಳು. ನಲ್ಲಿ ನಿಲ್ಲಿಸಿದಳು. ನಾನೇನಾದರೂ ಹೇಳುತ್ತೇನೆಂದು ಕಾದಳು. ಆಮೇಲೆ ಮತ್ತೆ ನಲ್ಲಿ ಬಿಟ್ಟಳು.

ಉಳಿದ ಗುಂಡುಗಳನ್ನೂ ತಂದಿದ್ದ, ಬಿಳಿ ಬಟ್ಟೆಯಲ್ಲಿ ಸುತ್ತಿ. “ಇಷ್ಟು ಚೆಂದದವು. ಹಾಳಾಗೋದು ಬೇಡ.”


ಆಗಸ್ಟ್ ೨೭. ಶನಿವಾರ

ಬೆಳಿಗ್ಗೆ ಬಂದೂಕು ತೆಗೆದುಕೊಂಡು ಗುರಿಯ ಬಯಲಿಗೆ ಹೋದೆ. ಬೆಂಚಿನ ಕೆಳಗಿನ ಟ್ರೇಯ ಒಳ್ಳೆಯ ಗುಂಡುಗಳಿಂದ ತೋಟಾ ತುಂಬಿದ್ದೆ. ಯಾರೂ ಇರಲಿಲ್ಲ. ಲೈಲ್ ಮಲಗುತ್ತಿದ್ದ ಜಾಗದಲ್ಲಿ ಹುಲ್ಲು ಇನ್ನೂ ಒತ್ತಿಕೊಂಡೇ ಇತ್ತು. ಮಲಗಿ ಹೊಡೆದೆ. ಗುರಿ ನೆಟ್ಟಗಿಲ್ಲದ ನನಗೂ ಟಗರು ಠಣ್ ಎಂದಿತು. ಮತ್ತೆ ಹೊಡೆದೆ, ಮತ್ತೆ ಠಣ್. ಬಂದೂಕಿನಲ್ಲಿ ಯಾವ ದೋಷವೂ ಇಲ್ಲ. ಮಿಕ್ಕ ತೋಟಾಗಳನ್ನು ಹಾರಿಸದೆ ತಂದೆ.

ಮನೆಯಲ್ಲಿ ವರ್ನಾ ಕೂತಿದ್ದಳು. ಮುಂದಿದ್ದ ಕಾಫಿ ಆರಿತ್ತು. ಈ ಹೆಂಗಸು ಅತ್ತಿದ್ದನ್ನು ನಾನು ಕಂಡಿಲ್ಲ, ಇವತ್ತೂ ಅಳಲಿಲ್ಲ.

“ಭಾವ, ನೀವೊಂದು ಮಾತು ಹೇಳಿ ಅವರಿಗೆ. ಸೋಮವಾರ ಬಸ್ಸಿನ ಕೀಲಿಕೈ ವಾಪಸ್ ಕೊಡ್ತಾರಂತೆ. ಕೆಲಸ ಬಿಡ್ತಾರಂತೆ.”

“ಬಸ್ಸಿಗೂ ಇದಕ್ಕೂ ಏನು?”

“ಟಗರು ಕಾಣದವನು ರಸ್ತೆಗೆ ಅಡ್ಡ ಬರೋ ಮಗುನ ಕಾಣ್ತಾನಾ ಅಂತಾರೆ. ನಾನು ಎಳ್ಕೊಂಡು ಹೋಗಿ ಡಾಕ್ಟರಿಗೆ ತೋರಿಸ್ದೆ. ಸಣ್ಣ ಪೊರೆ ಇದೆ, ಅಷ್ಟೆ, ಇನ್ನೂ ಐದಾರು ವರ್ಷ ಬಸ್ ಓಡಿಸ್ಬಹುದು ಅಂತ ಕಾಗದ ಬರ್ದುಕೊಟ್ರು. ಇವರೇನಂದ್ರು ಗೊತ್ತಾ?”

ಬಂದೂಕಿನ ಚೀಲವನ್ನು ಮೂಲೆಗೆ ಒರಗಿಸಿದೆ. ಅವಳೇ ಹೇಳಿದಳು.

“‘ಡಾಕ್ಟರು ನನ್ನ ಇವತ್ತು ನೋಡ್ದೋನು. ಅಣ್ಣನ ಗುಂಡು ನಂಗೆ ಅಪ್ಪ ಸತ್ತಾಗಿಂದ ಗೊತ್ತು. ಅದು ತಪ್ಪಲ್ಲ. ಹಾಗಾದ್ರೆ ತಪ್ಪಿದ್ದು ಯಾರು?’ ಅಂದ್ರು.”

ಆರ್ಡಿಸ್ ಅವಳನ್ನು ಗಾಡಿಯವರೆಗೆ ಬಿಟ್ಟು ಬಂದಳು. ನನ್ನೆದುರು ಕೂತಳು. “ಅವಳಿಗೆ ನಾನು ಹೇಳಬಹುದಿತ್ತು” ಎಂದಳು. “ಹೇಳ್ಲಿಲ್ಲ. ನಿನ್ನ ಬಾಯಿ ದೊಡ್ಡದು ಅಂತ ಊರೆಲ್ಲ ಹೇಳ್ತಾರೆ. ನೋಡೋಣ.”

ಅವಳಿಗೆ ಎಂದಿನಿಂದ ಗೊತ್ತು ಎಂದು ಕೇಳಲು ಧೈರ್ಯವಾಗಲಿಲ್ಲ.


ಆಗಸ್ಟ್ ೨೮. ಭಾನುವಾರ

ಚರ್ಚಿನಿಂದ ಬಂದ ಮೇಲೆ ಲೈಲ್‌ನ ಫೋನು.

“ಅಣ್ಣ, ನಾಳೆ ಶಾಲೆಯ ಆಫೀಸಿಗೆ ಬಿಡ್ತೀಯಾ? ಕೀಲಿಕೈ ಕೊಡ್ಬೇಕು. ವರ್ನಾ ಬರಲ್ಲ ಅಂತ ಹಟ ಹಿಡಿದಿದ್ದಾಳೆ. ನಾನು ಓಡ್ಸಲ್ಲ.”

ಹೇಳಬೇಕೆಂದೇ ಬಾಯಿ ತೆರೆದೆ. ಹೊರಬಂದದ್ದು, “ಎಷ್ಟು ಗಂಟೆಗೆ?”

“ಎಂಟಕ್ಕೆ. ಹಾಗೇ ಬಂದೂಕು ಹೇಗಿದೆ? ಹೊಡೆದು ನೋಡಿದ್ಯಾ?”

“ನೋಡಿದೆ.”

“ತಗುಲ್ತಾ?”

“ತಗುಲ್ತು.”

“ನೋಡಿದ್ಯಾ ಮತ್ತೆ” ಎಂದ. ಅವನ ದನಿಯಲ್ಲಿ ಸಂತೋಷವಿತ್ತು. ನಿಜವಾದ ಸಂತೋಷ. ನಾನು ನಟನನ್ನು ಗುರುತಿಸಬಲ್ಲೆ, ಅದು ನಟನೆಯಲ್ಲ. “ಅಪ್ಪನ ಬಂದೂಕು ಸರಿಯಾದ ಮನೆಗೆ ಬಂತು ಬಿಡು.”

ಫೋನಿಟ್ಟ ಮೇಲೆ ಅಡುಗೆಮನೆಯಲ್ಲೇ ನಿಂತು ಮಾತುಗಳನ್ನು ಆಡಿ ನೋಡಿದೆ. ಮೊದಲು ದೊಡ್ಡದಾಗಿ. ಚೆನ್ನಾಗಿ ಬಂತು, ಅದಕ್ಕೇ ಬಿಟ್ಟೆ. ಆಮೇಲೆ ಸಣ್ಣದಾಗಿ. “ಲೈಲ್, ಗುಂಡು ಟೊಳ್ಳು. ನಾನೇ ಆರಿಸಿ ಕೊಟ್ಟೆ.” ಇಷ್ಟೇ. ಇಷ್ಟಕ್ಕೆ ಉಸಿರು ಸಾಲಲಿಲ್ಲ. ಆರ್ಡಿಸ್ ಪಕ್ಕದ ಕೋಣೆಯಿಂದ, “ಇನ್ನೊಂದ್ಸಲ” ಎಂದಳು.

ನಾಳೆ ಬೆಳಿಗ್ಗೆ ಎಂಟಕ್ಕೆ ಮುಂಚೆ ಅವನ ಮನೆಯ ಮುಂದೆ ಗಾಡಿ ನಿಲ್ಲಿಸಿ ಇಳಿಯುತ್ತೇನೆ. ಅವನು ಬಾಗಿಲು ತೆಗೆದು ಕೂರುವ ಮೊದಲೇ, ವರ್ನಾ ನಿಂತಿದ್ದರೆ ಅವಳ ಎದುರಿಗೇ, ಹೇಳುತ್ತೇನೆ. ಹೇಳಿದ ಮೇಲೂ ಅವನು ಹತ್ತಿದರೆ ಎಲ್ಲಿಗೆ ಎನ್ನುತ್ತಾನೋ ಅಲ್ಲಿಗೆ ಓಡಿಸುತ್ತೇನೆ. ಹತ್ತದಿದ್ದರೆ ನನ್ನ ಗಾಡಿಯ ಕೀಲಿಕೈಯನ್ನು ಅವನ ಕೈಗಿಟ್ಟು ನಡೆದುಕೊಂಡು ಮನೆಗೆ ಬರುತ್ತೇನೆ. ಓಡಿಸಲು ಅವನಿಗೆ ಕಣ್ಣಿದೆ.